ವೇಬ್ರಿಡ್ಜಿನ ಮೇಲೆ ಕೆಟ್ಟು ನಿಂತ ಲಾರಿ

ಏರಿನ ಅರ್ಧಕ್ಕೆ ಬರುವ ಹೊತ್ತಿಗೆ, ಡೀಸೆಲ್ ಬದಲು ಗ್ಯಾಸಿನಲ್ಲಿ ಓಡುವ ಆ ಲಾರಿ ಒಂದೆರಡು ಸಲ ಬಿಕ್ಕಿತು, ಆಮೇಲೆ ಸುಮ್ಮನಾಯಿತು. ಉದ್ದಣ್ಣ ಅದನ್ನು ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಎಂಜಿನ್ನಿನ ಪಕ್ಕಕ್ಕೆ ಬಂದು ನಿಂತ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಎಂಜಿನ್ನಿನ ಮುಚ್ಚಳಕ್ಕೆ ತಂತಿ ಪೋಣಿಸಿ ಸೀಸದ ಸೀಲು ಒತ್ತಿದ್ದರು. ಲಾರಿಯನ್ನು ಕಂತಿನ ಮೇಲೆ ಕೊಟ್ಟ ಧಣಿಯ ವರ್ಕ್‌ಶಾಪಿನವರನ್ನು ಬಿಟ್ಟು ಬೇರೆ ಯಾರೇ ಅದನ್ನು ಒಡೆದರೂ ಲಾರಿಯೂ ಧಣಿಯದು, ಅಲ್ಲಿಯವರೆಗೆ ಕಟ್ಟಿದ ಕಂತೂ ಧಣಿಯದು. ಕರಾರು ಹಾಗಿತ್ತು. ವಯಸ್ಸೆಲ್ಲ ಎಂಜಿನ್ನಿನ ಹೊಟ್ಟೆಗೆ ಕೈ ಹಾಕಿ ಬದುಕಿದವನು ಈಗ ಅದರೆದುರು ಕೈ ಕಟ್ಟಿ ನಿಲ್ಲಬೇಕಿತ್ತು.

ಆಫೀಸಿಗೆ ಫೋನು ಮಾಡಿದ. ಗಾಡಿ ಎಳೆಯಲು ಯಾರನ್ನಾದರೂ ಕಳಿಸುತ್ತೇನೆ, ಅಲ್ಲಿಯವರೆಗೆ ಏನೂ ಮುಟ್ಟಬೇಡ ಎಂದು ಮ್ಯಾನೇಜರ್ ಹೇಳಿದ. ಉದ್ದಣ್ಣ ಲಾರಿಯ ನೆರಳಿನಲ್ಲಿ ಕೂತ. ಬಿಸಿಲು ಸರಿದಂತೆಲ್ಲ ನೆರಳು ಸರಿಯಿತು, ನೆರಳಿನ ಜೊತೆ ಅವನೂ ಸರಿದ. ಬಾಟಲಿಯ ನೀರು ಸ್ನಾನಕ್ಕಾಗುವಷ್ಟು ಬಿಸಿಯಾಗಿತ್ತು.

ಇವನು ಆಳಿನಲ್ಲಿ ಗಿಡ್ಡ. ಉದ್ದವಿದ್ದದ್ದು ಮಾತು. ಒಂದು ಟಯರ್ ಪಂಕ್ಚರ್ ಆದ ಕಥೆಯನ್ನು ಎರಡು ಊಟದ ಹೊತ್ತು ಎಳೆಯಬಲ್ಲವನಾಗಿದ್ದರಿಂದ ಡ್ರೈವರುಗಳು ಅವನಿಗೆ ಉದ್ದಣ್ಣ ಎಂದು ಹೆಸರಿಟ್ಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆಯ ಕೋಣೆ ಬಿಟ್ಟು ಲಾರಿಯಲ್ಲೇ ಮಲಗುತ್ತಿದ್ದ. ಕಥೆ ಕೇಳುವವರು ಇದ್ದಷ್ಟು ದಿನ ಅದೂ ಒಂದು ಬದುಕೇ ಆಗಿತ್ತು. ಈಗ ಕೇಳುವವರಿರಲಿಲ್ಲ.

ಅವನ ಡಿಪೋದ ಲಾರಿಗಳು ಒಂದೊಂದಾಗಿ ಅದೇ ಏರು ಹತ್ತಿ ಬಂದವು. ಎಲ್ಲ ಗ್ಯಾಸ್ ಲಾರಿಗಳೇ, ಒಂದೇ ಬಣ್ಣದವು, ಸದ್ದಿಲ್ಲದವು. ಒಬ್ಬ ಕೈ ಎತ್ತಿದ. ಇನ್ನೊಬ್ಬ ಹಾರನ್ ಒತ್ತಿದ. ದೊಡ್ಡ ಮೀಸೆಯ ಡ್ರೈವರ್, ಒಂದು ಕಾಲದಲ್ಲಿ ಇವನ ತಟ್ಟೆಯಲ್ಲೇ ಉಂಡವನು, ಕನ್ನಡಿ ಸರಿಮಾಡುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡು ಹೋದ. ಯಾರೂ ನಿಲ್ಲಿಸಲಿಲ್ಲ.

ಹಿಂದೆ ಹೀಗಿರಲಿಲ್ಲ. ಎಲ್ಲರ ಬಳಿಯೂ ಹಳೆಯ ಡೀಸೆಲ್ ಲಾರಿಗಳಿದ್ದ ಕಾಲದಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಅಲ್ಲೊಂದು ಸಂತೆಯೇ ನೆರೆಯುತ್ತಿತ್ತು. ಒಬ್ಬ ಸ್ಪ್ಯಾನರ್ ತರುತ್ತಿದ್ದ, ಒಬ್ಬ ಪೈಪು ಊದುತ್ತಿದ್ದ, ಏನೂ ಗೊತ್ತಿಲ್ಲದವನು ನಿಂತು ಬುದ್ಧಿ ಹೇಳುತ್ತಿದ್ದ. ಡೀಸೆಲ್ ಕೆಡುತ್ತಿರಲಿಲ್ಲ ಎಂದಲ್ಲ. ಕೆಮ್ಮುತ್ತಿತ್ತು, ಕಪ್ಪು ಹೊಗೆ ಕಾರುತ್ತಿತ್ತು, ಎಣ್ಣೆ ಸೋರುತ್ತಿತ್ತು. ಆದರೆ ಯಾವ ಊರಿನ ಯಾವ ಗ್ಯಾರೇಜಿಗೆ ಹೋದರೂ ಅದರ ರೋಗ ಬಲ್ಲವನೊಬ್ಬ ಇರುತ್ತಿದ್ದ. ಗುಜರಿಯಿಂದ ತಂದ ಸಾಮಾನು ಹಾಕಿದರೂ ಮನೆ ಮುಟ್ಟಿಸುತ್ತಿತ್ತು.

ಆಮೇಲೆ ಒಂದು ದಿನ ಧಣಿ ಎಲ್ಲರನ್ನೂ ಡಿಪೋದ ಅಂಗಳಕ್ಕೆ ಕರೆಸಿದರು. ಸಿಮೆಂಟ್ ಫ್ಯಾಕ್ಟರಿಯ ಸಾಗಾಟವೆಲ್ಲ ಅವರ ಗುತ್ತಿಗೆಯಲ್ಲಿತ್ತು. ಇನ್ನು ಮುಂದೆ ಫ್ಯಾಕ್ಟರಿಯಲ್ಲಿ ಡೀಸೆಲ್ ಲಾರಿಗೆ ಲೋಡು ಕೊಡುವುದಿಲ್ಲ, ನಿಮ್ಮ ಹಳೆಯ ಗಾಡಿ ನನಗೆ ಕೊಡಿ, ಹೊಸ ಗ್ಯಾಸ್ ಗಾಡಿ ಒಯ್ಯಿರಿ, ಉಳಿದದ್ದನ್ನು ದುಡಿದು ಕಂತಿನಲ್ಲಿ ತೀರಿಸಿ ಎಂದರು. ಗ್ಯಾಸ್ ಅಗ್ಗ, ಸದ್ದು ಕಡಿಮೆ, ಸೊಂಟಕ್ಕೆ ಹಿತ ಎಂದು ಮ್ಯಾನೇಜರ್ ವಿವರಿಸಿದ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಬಡವನಿಗೆ ಮೋಸ ಮಾಡಲು ಸುಳ್ಳೇ ಹೇಳಬೇಕೆಂದೇನೂ ಇಲ್ಲವಲ್ಲ.

ಡ್ರೈವರುಗಳು ಉದ್ದಣ್ಣನ ಮುಖ ನೋಡಿದರು. ಅವರಲ್ಲೆಲ್ಲ ಹಿರಿಯ ಅವನೇ. ಲಾರಿ ಕೊಳ್ಳುವಾಗ ಅವರದೊಂದು ಪರೀಕ್ಷೆಯಿತ್ತು. ಎಂಜಿನ್ ಶುರು ಮಾಡಿ, ಹೊಗೆಯ ಕೊಳವೆಗೆ ಒಗೆದ ಬಿಳಿ ಬಟ್ಟೆ ಹಿಡಿಯುವುದು. ಬಟ್ಟೆ ಕಪ್ಪಾದಷ್ಟೂ ಎಂಜಿನ್ನಿಗೆ ಆಯುಸ್ಸು ಕಡಿಮೆ. ಉದ್ದಣ್ಣ ಗ್ಯಾಸ್ ಲಾರಿಯ ಕೊಳವೆಗೆ ಬಟ್ಟೆ ಹಿಡಿದ. ಬಟ್ಟೆ ಬೆಳ್ಳಗೇ ಇತ್ತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅಂದೇ ಎಲ್ಲರೂ ಕರಾರಿಗೆ ಸಹಿ ಹಾಕಿದರು.

ಗ್ಯಾಸ್ ಎಂಜಿನ್ ಹೇಗಿದ್ದರೂ ಮಸಿ ಉಗುಳುವುದಿಲ್ಲ, ಸಾಯಲು ಬಿದ್ದಿದ್ದರೂ ಬಟ್ಟೆ ಬೆಳ್ಳಗೇ ಇರುತ್ತದೆ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ಅದು ಡೀಸೆಲಿನ ಹಾಗೆ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವ ಎಂಜಿನ್ ಅಲ್ಲ, ಪ್ಲಗ್ಗು ಕಿಡಿ ಕೊಟ್ಟರೇನೇ ಉರಿಯುವುದು. ಪ್ಲಗ್ಗು ಸವೆಯುತ್ತಿತ್ತು, ಅದಕ್ಕೆ ಕರೆಂಟು ಕೊಡುವ ಕಾಯಿಲು ಸುಡುತ್ತಿತ್ತು. ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಅದೂ ಒಳ್ಳೆಯ ಎಂಜಿನ್ನೇ, ಉದ್ದಣ್ಣ ಅದನ್ನು ಎಂದೂ ಬೈದವನಲ್ಲ. ಆದರೆ ಬದಲಾಯಿಸುವ ವರ್ಕ್‌ಶಾಪು ಧಣಿಯದು, ಸಾಮಾನು ಧಣಿಯದು, ಬೆಲೆ ಧಣಿಯ ಬಾಯಿಗೆ ಬಂದದ್ದು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಒಂದು ಕಾಯಿಲಿಗೆ ಒಂದು ತಿಂಗಳ ದುಡಿಮೆ ಹೋಗುತ್ತಿತ್ತು.

ಇನ್ನೂ ಒಂದು ನಿಯಮವಿತ್ತು. ಕೆಟ್ಟು ನಿಂತವನ ಪಾಳಿ ಹಿಂದಿನವನಿಗೆ. ಒಬ್ಬನ ಗಾಡಿ ಕೆಟ್ಟರೆ ಇನ್ನೊಬ್ಬನಿಗೆ ಒಂದು ಲೋಡು ಹೆಚ್ಚು ಎಂದು ಎಲ್ಲರೂ ನಂಬಿದ್ದರು. ಹೀಗಾಗಿ ಕೆಟ್ಟ ಗಾಡಿಯನ್ನು ಕಂಡರೆ ಯಾರ ಕಾಲೂ ಬ್ರೇಕಿನ ಮೇಲೆ ಹೋಗುತ್ತಿರಲಿಲ್ಲ. ಡಿಪೋದಲ್ಲಿ ಒಟ್ಟಿಗೆ ಉಣ್ಣುವುದು ನಿಂತಿತು. ಊಟದ ಹೊತ್ತಿಗೆ ಪ್ರತಿಯೊಬ್ಬನೂ ತನ್ನ ತನ್ನ ಕ್ಯಾಬಿನ್ನಿನಲ್ಲಿ, ಗಾಜು ಏರಿಸಿಕೊಂಡು. ಅದೂ ಅಲ್ಲದೆ ಉದ್ದಣ್ಣನ ಮೇಲೆ ಅವರಿಗೆ ಬೇರೆಯೇ ಸಿಟ್ಟಿತ್ತು. ನಿನ್ನ ಬಟ್ಟೆ ನಂಬಿ ಹಾಳಾದೆವು ಎಂದು ಮೀಸೆಯವನು ಒಮ್ಮೆ ಮುಖಕ್ಕೆ ಹೊಡೆದಂತೆ ಹೇಳಿದ್ದ. ಅಂದಿನಿಂದ ಉದ್ದಣ್ಣ ಬಾಯಿ ಬಿಡುವುದನ್ನೇ ಬಿಟ್ಟಿದ್ದ. ಅಷ್ಟು ಜನ ಬಲ್ಲವರ ನಡುವೆ ಹಾಗೆ ಒಂಟಿಯಾಗಿರುವುದು ಹೆಂಡತಿ ಹೋದ ದುಃಖಕ್ಕಿಂತಲೂ ಅವನಿಗೆ ಭಾರವಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ತಿರುವಿನಾಚೆ ಒಂದು ಎಂಜಿನ್ನಿನ ಸದ್ದು ಕೇಳಿಸಿತು. ಉದ್ದಣ್ಣ ಎದ್ದು ನಿಂತ. ಗೇರು ಬದಲಾಯಿಸುವಾಗ ಗಂಟಲು ಕಟ್ಟಿದಂತೆ ಆಗುವ ಆ ಸದ್ದು ಅವನ ಡೀಸೆಲ್ ಲಾರಿಯದೇ. ಆ ಲಾರಿಯಲ್ಲಿ ಎಂಜಿನ್ನಿನ ಗೂಡು ಕ್ಯಾಬಿನ್ನಿನೊಳಗೇ ಉಬ್ಬಿಕೊಂಡಿತ್ತು. ಚಳಿಗಾಲದಲ್ಲಿ ಹೆಂಡತಿ ಅದರ ಮೇಲೆ ಕಂಬಳಿ ಮಡಿಸಿ ಹಾಕಿ ಕೂತು, ಬೆಚ್ಚಗೆ ತೂಕಡಿಸುತ್ತ ಅವನ ಕಥೆಗಳಿಗೆ ಹೂಂಗುಟ್ಟುತ್ತಿದ್ದಳು. ಗುಜರಿಗೆ ಹೋಯಿತೆಂದುಕೊಂಡಿದ್ದ ಲಾರಿ ತಿರುವು ದಾಟಿ ಬಂತು. ಅವನ ಕಣ್ಣು ತುಂಬಿತು.

ಲಾರಿಯಿಂದ ಇಳಿದವನು ಗಡಿಯಾರ. ಹುಟ್ಟಿನಿಂದ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲವಾದ್ದರಿಂದ ಅವನಿಗೆ ಆ ಹೆಸರು. ಅವನೂ ಡಿಪೋದ ಡ್ರೈವರೇ. ಉದ್ದಣ್ಣನ ಮುಖ ನೋಡಲಾರದೆ ಅವನು ಸರಪಳಿ ಬಿಚ್ಚತೊಡಗಿದ.

"ಇದು ನಿನ್ನ ಕೈಗೆ ಹೇಗೆ ಬಂತೋ?" ಎಂದ ಉದ್ದಣ್ಣ.

"ನನ್ನ ಗ್ಯಾಸ್ ಗಾಡಿ ವರ್ಕ್‌ಶಾಪಲ್ಲಿ ಬಿದ್ದು ಬಹಳ ದಿನ ಆಯ್ತಣ್ಣ. ಬಿಲ್ಲು ತೀರೋವರೆಗೂ ದಿನಗೂಲಿಗೆ ಇದನ್ನ ಓಡಿಸು ಅಂದ್ರು."

"ಎಲ್ಲಿತ್ತು ಇದು?"

"ವರ್ಕ್‌ಶಾಪಿನ ಹಿಂದೆ ಶೆಡ್ಡಿದೆಯಲ್ಲ, ಯಾವಾಗಲೂ ಬೀಗ ಹಾಕಿರ್ತಾರಲ್ಲ, ಅಲ್ಲಿ. ನಮ್ಮೆಲ್ಲರ ಡೀಸೆಲ್ ಗಾಡಿಗಳೂ ಅಲ್ಲೇ ಇವೆ. ಒಂದನ್ನೂ ಮಾರಿಲ್ಲ. ನಮ್ಮದು ಕೆಟ್ಟು ನಿಂತ ದಿನ ಒಂದೊಂದಾಗಿ ಆಚೆ ಬರ್ತವೆ, ಹಿಂದಿನ ಗೇಟಿಂದ. ಪಾಳಿ ಹಿಂದಿನವನಿಗೆ ಅನ್ನೋದು ಬಾಯಿಮಾತಿಗೆ, ನಿನ್ನ ಇವತ್ತಿನ ಪಾಳಿನೂ ಇದಕ್ಕೇ ಕೊಟ್ಟಿದ್ದಾರೆ."

"ಫ್ಯಾಕ್ಟರಿಯಲ್ಲಿ ಡೀಸೆಲ್ ಗಾಡಿಗೆ ಲೋಡು ಕೊಡಲ್ಲ ಅಂದಿದ್ರಲ್ಲ?"

"ನಮಗೆ ಕೊಡಲ್ಲ ಅಣ್ಣ. ಧಣಿಗೆ ಕೊಡ್ತಾರೆ."

ಉದ್ದಣ್ಣ ತನ್ನ ಹಳೆಯ ಲಾರಿಯ ಬಾಗಿಲ ಮೇಲೆ ಕೈ ಸವರಿದ. ಆಮೇಲೆ, ಧಣಿ ತಮಗೆ ಅಂತ ಎಷ್ಟು ಗ್ಯಾಸ್ ಗಾಡಿ ಇಟ್ಟುಕೊಂಡಿದ್ದಾರೆ ಎಂದು ಕೇಳಿದ. ಒಂದೂ ಇಲ್ಲ, ಅದರ ರಿಪೇರಿ ಯಾರು ತಡಕೊಳ್ಳೋದು ಅಂತ ಅವರೇ ಮ್ಯಾನೇಜರ್ ಹತ್ತಿರ ನಗ್ತಾ ಹೇಳಿದ್ದನ್ನ ಕೇಳಿಸಿಕೊಂಡೆ ಎಂದ ಗಡಿಯಾರ.

ಯಾವ ಎಂಜಿನ್ ಒಳ್ಳೆಯದು ಎಂಬ ಪ್ರಶ್ನೆಗೆ ಧಣಿ ಯಾವತ್ತೋ ಉತ್ತರ ಕಂಡುಕೊಂಡಿದ್ದರು. ರಿಪೇರಿ ಇನ್ನೊಬ್ಬನ ತಲೆಗೆ ಕಟ್ಟಿದ ಎಂಜಿನ್ನೇ ಒಳ್ಳೆಯದು. ಲಾರಿ ಓಡಿದರೆ ಕಂತು, ಕೆಟ್ಟರೆ ಬಿಲ್ಲು, ಕೆಟ್ಟು ನಿಂತಷ್ಟು ಹೊತ್ತು ಅವರದೇ ಡೀಸೆಲಿಗೆ ಲೋಡು.

ಗಡಿಯಾರ ಸರಪಳಿ ಬಿಗಿದ. ಈ ಲಾರಿಗಳ ಬ್ರೇಕು ಬಿಡಬೇಕಾದರೆ ಗಾಳಿ ಬೇಕು. ಎಂಜಿನ್ ಸತ್ತರೆ ಗಾಳಿಯಿಲ್ಲ, ಚಕ್ರ ಕಚ್ಚಿಕೊಂಡು ಕೂರುತ್ತವೆ. ಅದಕ್ಕೇ ಎಳೆಯುವ ಗಾಡಿಯಿಂದ ಪೈಪು ಹಾಕಿ ಗಾಳಿ ಕೊಡಬೇಕು. ಉದ್ದಣ್ಣ ತಾನೇ ಪೈಪು ಸಿಕ್ಕಿಸಿದ, ಕಲ್ಲು ತೆಗೆದ, ಗ್ಯಾಸ್ ಲಾರಿ ಹತ್ತಿ ಸ್ಟೇರಿಂಗ್ ಹಿಡಿದ. ತನ್ನ ಲಾರಿಯೇ ಮುಂದೆ ನಿಂತು ತನ್ನನ್ನು ಎಳೆದುಕೊಂಡು ಹೋಗುವುದನ್ನು ದಾರಿಯುದ್ದಕ್ಕೂ ನೋಡಿದ.

ಫ್ಯಾಕ್ಟರಿಗೆ ಅಂಟಿಕೊಂಡೇ ಇದ್ದ ಡಿಪೋದ ಬಾಗಿಲಲ್ಲಿ ಲಾರಿ ತೂಗುವ ವೇಬ್ರಿಡ್ಜಿತ್ತು. ಮುಂಬಾಗಿಲಿನಿಂದ ಒಳಗೆ ಹೋಗುವುದೂ ಅದರ ಮೇಲೆಯೇ, ಲೋಡು ತೂಗಿಸಿ ಹೊರಗೆ ಬರುವುದೂ ಅದರ ಮೇಲೆಯೇ. ತನ್ನ ಲಾರಿಯ ಚಕ್ರಗಳೆಲ್ಲ ವೇಬ್ರಿಡ್ಜಿನ ಕಬ್ಬಿಣ ಹತ್ತಿದ್ದನ್ನು ನೋಡಿಕೊಂಡು ಉದ್ದಣ್ಣ ಹಾರನ್ ಒತ್ತಿದ. ಗಡಿಯಾರ ನಿಲ್ಲಿಸಿದ. ಉದ್ದಣ್ಣ ಇಳಿದು ಸರಪಳಿ ಕಳಚಿದ, ಪೈಪು ಕಿತ್ತ, ಟ್ಯಾಂಕಿನಲ್ಲಿ ಉಳಿದ ಗಾಳಿಯನ್ನೆಲ್ಲ ಬಿಟ್ಟ. ಚಕ್ರಗಳು ಕಚ್ಚಿಕೊಂಡವು.

"ನೀನು ಮುಂದೆ ಹೋಗು. ಕೇಳಿದ್ರೆ ಸರಪಳಿ ಕಳಚ್ಕೊಳ್ತು ಅನ್ನು," ಎಂದ ಗಡಿಯಾರನಿಗೆ. ತಿರುಗಿ ಕ್ಯಾಬಿನ್ ಹತ್ತಿ ಒಳಗಿನಿಂದ ಬೀಗ ಹಾಕಿಕೊಂಡ. ಹೊರಗಿನಿಂದ ಎಷ್ಟು ಗಾಳಿ ತುಂಬಿದರೂ ಒಳಗಿನ ಗುಂಡಿ ಒತ್ತದೆ ಬ್ರೇಕು ಬಿಡುವುದಿಲ್ಲ. ಆ ಗುಂಡಿ ಅವನ ಕೈಯಲ್ಲಿತ್ತು.

ಹಿಂದೆ ಖಾಲಿ ಲಾರಿಗಳ ಸಾಲು ಬೆಳೆಯಿತು. ಮುಂದೆ ಲೋಡಾದ ಲಾರಿಗಳ ಸಾಲು ಬೆಳೆಯಿತು. ಮ್ಯಾನೇಜರ್ ಓಡಿ ಬಂದು ಗಾಜು ಬಡಿದ. ಕೆಟ್ಟ ಗಾಡಿಯನ್ನು ಮುಟ್ಟಬೇಡ ಅಂತ ನೀವೇ ಹೇಳಿದ್ದು ಸ್ವಾಮಿ, ಮುಟ್ಟಿಲ್ಲ ಎಂದ ಉದ್ದಣ್ಣ. ಪೊಲೀಸು, ಕೋರ್ಟು, ಜೈಲು ಎಂದೆಲ್ಲ ಹೆದರಿಸಿ ಮ್ಯಾನೇಜರ್ ಧಣಿಗೆ ಫೋನು ಮಾಡಿದ. ಕನ್ನಡಿಯಲ್ಲಿ ಉದ್ದಣ್ಣನಿಗೆ ಹಿಂದಿನ ಸಾಲು ಕಾಣುತ್ತಿತ್ತು. ಪ್ರತಿ ಗಾಜಿನ ಹಿಂದೆ ಒಂದೊಂದು ಮುಖ. ಒಬ್ಬನೂ ಇಳಿಯಲಿಲ್ಲ. ನಾಳೆ ಊಟಕ್ಕೇನು, ಮಲಗುವುದೆಲ್ಲಿ ಎಂಬ ಯೋಚನೆ ಬಂತು. ಹೆದರಿಕೆಯಾಯಿತು. ಈ ಲಾರಿ ಹೋದರೆ ಅವನಿಗೆ ಮೈ ಚಾಚಲು ಸಹ ಜಾಗವಿರಲಿಲ್ಲ.

ಧಣಿ ಬಂದರು. ಕೂಗಾಡಲಿಲ್ಲ. ಮೆಟ್ಟಿಲು ಹತ್ತಿ ನಿಂತು, ಗಾಜು ಇಳಿಸು ಎಂದು ಸನ್ನೆ ಮಾಡಿದರು. ಉದ್ದಣ್ಣ ನಾಲ್ಕು ಬೆರಳಷ್ಟು ಇಳಿಸಿದ.

"ನಿನ್ನ ಕಷ್ಟ ನನಗೆ ಗೊತ್ತಾಗಲ್ವಾ? ನಿನ್ನ ಡೀಸೆಲ್ ಗಾಡಿ ಇವತ್ತೇ ವಾಪಸ್ ತಗೊಂಡು ಹೋಗು. ಕರಾರು ಹರಿದು ಹಾಕ್ತೀನಿ. ಇದನ್ನ ಪಕ್ಕಕ್ಕೆ ಬಿಡು," ಎಂದರು ಮೆಲ್ಲಗೆ.

"ಬೇರೆಯವರದು?"

"ನಿಂದು ಹೇಳು."

ಉದ್ದಣ್ಣನ ಕೈ ಗುಂಡಿಯ ಮೇಲೆ ಹೋಯಿತು. ಅವನ ಲಾರಿ ಎದುರಿಗೇ ನಿಂತಿತ್ತು. ಹತ್ತಿ ಕೂತು ಹೊರಟರೆ ಮನೆ ಸಿಕ್ಕಂತೆ. ಹಿಂದೆ ಇರುವವರು ಯಾರು? ಮಧ್ಯಾಹ್ನ ಮುಖ ತಿರುಗಿಸಿಕೊಂಡು ಹೋದವರೇ. ಅವರಿಗಾಗಿ ತಾನೇಕೆ ಸಾಯಬೇಕು? ಹಾಗೆ ಅನಿಸಿದ್ದು ನಿಜ. ಆದರೆ ತನ್ನದೊಂದನ್ನು ಪಡೆದು ಹೊರಟರೆ ಅವರ ಮುಖವನ್ನು ಇನ್ನು ತಾನೇ ನೋಡಲಾರೆ ಎನಿಸಿದ್ದೂ ಅಷ್ಟೇ ನಿಜ. ಗಾಜನ್ನು ಪೂರ್ತಿ ಇಳಿಸಿದ, ತಲೆ ಹೊರಗೆ ಹಾಕಿ, ಹಿಂದಿನ ಸಾಲಿಗೆಲ್ಲ ಕೇಳುವಂತೆ ಹೇಳಿದ:

"ನಮ್ಮ ಡೀಸೆಲ್ ಗಾಡಿ ಒಂದೂ ಗುಜರಿಗೆ ಹೋಗಿಲ್ಲ ಕಣ್ರಪ್ಪ. ಎಲ್ಲಾ ಹಿಂದಿನ ಶೆಡ್ಡಲ್ಲಿವೆ. ನಾವು ಕೆಟ್ಟು ನಿಂತಾಗ ನಮ್ಮ ಲೋಡು ಹೊರೋದು ಅವೇ. ನನ್ನ ಬಾಯಿ ಮುಚ್ಚಿಸೋಕೆ ನನಗೊಬ್ಬನಿಗೆ ನನ್ನ ಗಾಡಿ ವಾಪಸ್ ಕೊಡ್ತಾರಂತೆ. ನಿಮಗೆ ಬೇಡ್ವಾ?"

ಯಾರೂ ಅಲುಗಲಿಲ್ಲ. ಧಣಿ ಮೆಟ್ಟಿಲಿಳಿದು ನೇರ ಹಿಂದಿನ ಲಾರಿಗೆ ಹೋದರು. ಅದು ಮೀಸೆಯವನದು. ಇವತ್ತಿನಿಂದ ಇವನ ಪಾಳಿಯೆಲ್ಲ ನಿನಗೆ, ಒಳಗಿಂದ ನಾಲ್ಕು ಜನರನ್ನು ಕರೆದುಕೊಂಡು ಬಾಗಿಲು ಒಡೆದು ಇವನನ್ನು ಇಳಿಸು, ನಿನ್ನ ಲಾರಿಯಿಂದ ಗಾಳಿ ಕೊಡು ಎಂದರು. ಮೀಸೆಯವನು ತಲೆಯಾಡಿಸಿ ಎಂಜಿನ್ ಆರಿಸಿದ. ಇಳಿದು ತನ್ನ ಲಾರಿಯ ಗಾಳಿ ಟ್ಯಾಂಕಿನ ಪಕ್ಕಕ್ಕೆ ಹೋಗಿ ಕೂತ. ಉದ್ದಣ್ಣ ಕಣ್ಣು ಮುಚ್ಚಿಕೊಂಡ.

ಬಾಗಿಲು ಒಡೆಯುವ ಸದ್ದು ಬರಲಿಲ್ಲ. ಬಂದದ್ದು ಗಾಳಿ ಬಿಡುವ ಸದ್ದು.

"ನನ್ನ ಗಾಡಿನೂ ಕೆಟ್ಟೋಯ್ತು ಧಣಿ," ಎಂದ ಮೀಸೆಯವನು, ಕೈ ಒರೆಸಿಕೊಳ್ಳುತ್ತ. "ಸೀಲಿದೆ. ನಾನು ಮುಟ್ಟೋ ಹಾಗಿಲ್ಲ."

ಅದರ ಹಿಂದಿನ ಲಾರಿಯ ಬಾಗಿಲು ತೆರೆಯಿತು. ಆಮೇಲೆ ಅದರ ಹಿಂದಿನದು. ಎಲ್ಲರೂ ಇಳಿದರೆಂದಲ್ಲ, ಕೊನೆಯಲ್ಲಿದ್ದ ಒಂದೆರಡು ಲಾರಿಗಳು ಹಿಂದಕ್ಕೆ ತಿರುಗಿಸಿಕೊಂಡು ಹೋದವು. ಮುಂದೆ ಗಡಿಯಾರ ಡೀಸೆಲ್ ಲಾರಿಯ ಕೀಲಿ ಕಿತ್ತು ಕಿಸೆಗೆ ಹಾಕಿಕೊಂಡು ಇಳಿದು ಬಂದ. ಬದುಕಿನಲ್ಲಿ ಮೊದಲ ಸಲ ಹೊತ್ತಿಗೆ ಸರಿಯಾಗಿ ಬಂದಿದ್ದ. ಉಳಿದವರೆಲ್ಲ ವೇಬ್ರಿಡ್ಜಿನ ಸುತ್ತ ಬಂದು ನಿಂತರು. ಹಾಗೆ ಒಟ್ಟಿಗೆ ನಿಂತು ಬಹಳ ದಿನವಾಗಿತ್ತು.

ಧಣಿ ಸುತ್ತಲೂ ನೋಡಿದರು. ಏನು ಬೇಕು ನಿಮಗೆಲ್ಲ ಎಂದು ಕೇಳಿದರು.

ಉದ್ದಣ್ಣ ಬೀಗ ತೆಗೆದು ಕೆಳಗಿಳಿದ. ಮೀಸೆಯವನು ತೋಳು ಹಿಡಿದುಕೊಂಡ.

"ಮೊದಲು ಶೆಡ್ಡಿನ ಬೀಗ ತೆಗೀರಿ," ಎಂದ ಉದ್ದಣ್ಣ. "ಬಾಕಿದ್ದು ಆಮೇಲೆ ಮಾತಾಡೋಣ."