ಕುರ್ಚಿಯ ಮೇಲೆ ಮಗು

ದಾಖಲೆ ಕೋಣೆಯ ಕಟ್ಟುಗಳನ್ನೆಲ್ಲ ಬಟ್ಟೆಪಟ್ಟಿಯಲ್ಲಿ ಕಟ್ಟುತ್ತಾರೆ. ಗಂಟು ಬಲಬದಿಗೆ ಬರಬೇಕೆಂಬುದು ಅಲ್ಲಿಯ ರೂಢಿ. ಹಾಗಾಗಿ ದೊಡ್ಡಮನೆಯ ಫೋಟೋ ಕಟ್ಟಿನ ಗಂಟು ಎಡಕ್ಕೆ ಬಂದಿದ್ದು ಹೊಸ ದಾಖಲೆಗಾರ್ತಿಯ ಕಣ್ಣಿಗೆ ಕೂಡಲೇ ಬಿತ್ತು. ಇಡೀ ಕಚೇರಿಯಲ್ಲಿ ಎಡಗೈಯವರೆಂದರೆ ಅವಳ ಮೇಲಧಿಕಾರಿ ಒಬ್ಬರೇ. ಅವರು ಅದೇ ದೊಡ್ಡಮನೆಯವರು ಬೇರೆ.

ಆ ಮನೆ ಒಂದು ಕಾಲಕ್ಕೆ ಮನುಷ್ಯರನ್ನು ಕೊಂಡು ದುಡಿಸಿಕೊಂಡಿತ್ತು. ಕಟ್ಟಿನಲ್ಲಿದ್ದ ಆಲ್ಬಮ್ಮಿನಲ್ಲಿ ಯಜಮಾನರಿದ್ದರು, ಕುದುರೆಗಳಿದ್ದವು, ನಾಯಿಗಳೂ ಇದ್ದವು. ಗುಲಾಮರದೆಂದು ಬರೆದ ಪುಟಗಳಲ್ಲಿ ಮಾತ್ರ ಬರೀ ಅಂಟಿನ ಕಲೆ. ಅದನ್ನು ನೋಡಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಕಿತ್ತುಹೋದ ಆ ಮುಖಗಳನ್ನು ಹುಡುಕುವುದೇ ಅವಳ ಕೆಲಸ.

ಗಾಬರಿಯಿಂದ ಕಟ್ಟು ಬಿಚ್ಚಿ ನೋಡಿದಳು. ಏನೂ ಕಳೆದಿರಲಿಲ್ಲ. ಬಿಡಿ ಫೋಟೋಗಳ ನಡುವೆ ಒಂದರ ಹಿಂದೆ ಮಾತ್ರ ಅವಳ ಪೆನ್ಸಿಲಿನ ಸಂಖ್ಯೆ ಇರಲಿಲ್ಲ. ಬಟ್ಟೆ ಹೊದಿಸಿದ ಕುರ್ಚಿ, ಮೇಲೆ ಮಗು. ಅಂಥವು ಅದರಲ್ಲಿ ಬೇಕಾದಷ್ಟಿದ್ದವು. ತಾನೇ ಬಿಟ್ಟಿರಬೇಕು ಎಂದುಕೊಂಡಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಯಾರಾದರೂ ನೋಡಿದರೆ ಮಾನ ಹೋಗುತ್ತಿತ್ತು. ಸದ್ದಿಲ್ಲದೆ ಸಂಖ್ಯೆ ಹಾಕಿ, "ಕುರ್ಚಿಯ ಮೇಲೆ ಮಗು" ಎಂದು ಬರೆದಿಟ್ಟಳು.

"ಆ ಕಟ್ಟಿಗೆ ಆತುರ ಬೇಡಮ್ಮ, ಸ್ವಲ್ಪ ತಾಳಿ," ಎಂದಿದ್ದರು ಮೇಲಧಿಕಾರಿ. ಯಾಕೆ ತಾಳಬೇಕು? ಅಷ್ಟರಲ್ಲಿ ಉಳಿದದ್ದನ್ನೂ ಗುಳುಂ ಮಾಡುವುದಕ್ಕಾ?

ಮನೆಯಲ್ಲಿ ತನ್ನ ಅನುಮಾನ ಹೇಳಿಕೊಂಡಾಗ ಅಕ್ಕ ನಕ್ಕಳು. "ನೀನು ಬಿಸ್ಕತ್ ಡಬ್ಬಕ್ಕೆ ಕೈ ಹಾಕ್ತೀಯ ಅಂತ ನಾನು ಮುಚ್ಚಳಕ್ಕೆ ಕೂದಲು ಅಂಟಿಸ್ತಿದ್ದೆ, ನೆನಪಿದ್ಯಾ? ಹಾಗೇ ಮಾಡು."

ಗಂಟಿನೊಳಗೆ ಕೂದಲು ಸಿಕ್ಕಿಸಿ ಬಂದಳು. ಮರುದಿನ ಬೆಳಿಗ್ಗೆ ಕೂದಲು ಹಾಗೇ ಇತ್ತು. ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ ಮೆಲ್ಲನೆ ಹಿಂತಿರುಗಿದಳು. ಮೇಲಧಿಕಾರಿ ಕಟ್ಟು ಬಿಚ್ಚಿಕೊಂಡು ನಿಂತಿದ್ದರು. ಅವರ ಕೈಚೀಲದಿಂದ ಲಕೋಟೆಯೊಂದು ಇಣುಕುತ್ತಿತ್ತು. ಇವಳನ್ನು ಕಂಡವರೇ ಅದನ್ನು ಒಳಕ್ಕೆ ತುರುಕಿ ಹೊರಟುಹೋದರು. ಅವಳು ನೇರ ನಿರ್ದೇಶಕರ ಕೋಣೆಗೆ ಹೋದಳು.

ಮೇಲಧಿಕಾರಿಯನ್ನು ಅಮಾನತು ಮಾಡಿದರು. ವಿಚಾರಣೆಯವರು ಅವರ ಮನೆಗೂ ಹೋಗಿ ಬಂದರು. ಅವಳ ಬೆನ್ನು ತಟ್ಟದವರಿಲ್ಲ.

ಬೀಗದ ಕೈ ಒಪ್ಪಿಸಲು ಬಂದ ದಿನ ಮೇಲಧಿಕಾರಿ ಅವಳ ಮೇಜಿನ ಮುಂದೆ ನಿಂತರು.

"ಏನಾದ್ರೂ ಕಳೆದಿತ್ತೇನಮ್ಮಾ?"

"ಇಲ್ಲ ಸರ್."

"ಒಂದು ಜಾಸ್ತಿ ಆಗಿತ್ತಲ್ಲ, ನೋಡಿದ್ರಾ? ಆಲ್ಬಮ್ಮಿನಿಂದ ಕಿತ್ತ ಗುಲಾಮರ ಫೋಟೋಗಳೆಲ್ಲ ನಮ್ಮಣ್ಣನ ಪೆಟ್ಟಿಗೆಯಲ್ಲಿದ್ವು. ಕೇಳಿದ್ರೆ ಕೊಡೋ ಜನ ಅಲ್ಲ. ಒಂದೊಂದೇ ಕದ್ದು ತಂದು ಇಲ್ಲಿ ಸೇರಿಸ್ತಿದ್ದೆ. ಮೊದಲನೆಯದಕ್ಕೆ ನೀವೇ ಸಂಖ್ಯೆ ಹಾಕಿದ್ರಿ. ನಿಮಗೆ ಅರ್ಥ ಆಗಿದೆ, ಸುಮ್ಮನಿದ್ದೀರಿ ಅಂದ್ಕೊಂಡೆ."

"ಉಳಿದದ್ದೆಲ್ಲ ಎಲ್ಲಿ ಸರ್?"

"ವಿಚಾರಣೆಯವರು ಬಂದು ಹೋದ್ಮೇಲೆ ಅಣ್ಣನಿಗೆ ಗೊತ್ತಾಯ್ತು. ಲಕೋಟೆ, ಪೆಟ್ಟಿಗೆ ಎಲ್ಲಾ ಒಲೆಗೆ ಹಾಕಿದ."

ಅವರು ಬಾಗಿಲ ತನಕ ಹೋಗಿ ತಿರುಗಿದರು. "ಅದು ಕುರ್ಚಿ ಅಲ್ಲಮ್ಮ."

ಅವಳು ಫೋಟೋ ತೆಗೆದು ಭೂತಗನ್ನಡಿ ಹಿಡಿದಳು. ಮಗುವಿನ ಸೊಂಟದ ಹತ್ತಿರ, ಬಟ್ಟೆಯ ಅಂಚಿನಿಂದ ನಾಲ್ಕು ಬೆರಳು ಹೊರಬಂದಿದ್ದವು. ಮಗು ಅಲುಗದಂತೆ ಹಿಡಿದು ಕೂತವಳ ಮೇಲೆ ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸಿದ್ದರು.

ರಬ್ಬರಿನಿಂದ "ಕುರ್ಚಿಯ" ಅಳಿಸಿದಳು. ಆ ಜಾಗದಲ್ಲಿ "ಹೆಂಗಸಿನ ತೊಡೆಯ" ಎಂದು ಬರೆದಳು. ಪಕ್ಕದಲ್ಲಿ, "ಮುಖ ಕಾಣುವುದಿಲ್ಲ."