ಎತ್ತಬಾರದ ಫೋನು

ನಲ್ಲಿಯ ಮುಂದೆ ಖಾಲಿ ಕೊಡಗಳ ಸಾಲು, ಅದರ ಪಕ್ಕ ಅಕ್ಕ. ನೀರು ಯಾವಾಗ ಬರುತ್ತದೋ ಆ ನಲ್ಲಿಗೇ ಗೊತ್ತಿಲ್ಲ. ಕಾದು ಕಾದು ಹೊಲಿಗೆ ಕಾರ್ಖಾನೆಗೆ ಮತ್ತೆ ತಡ. "ಇನ್ನೊಂದು ಸಲ ತಡವಾದರೆ ಬರಲೇಬೇಡ" ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ಅಮ್ಮನಿಗೆ ಮಂಡಿನೋವು, ಕೊಡ ಎತ್ತುವ ಹಾಗಿಲ್ಲ. ತಮ್ಮನದು ಮುಖ್ಯರಸ್ತೆಯಲ್ಲಿ ಪಂಕ್ಚರ್ ಅಂಗಡಿ. ಮೂಗಿನ ತುದಿಯಲ್ಲೇ ಕೋಪ. ಬೀದಿಯವರು ಅವನಿಗಿಟ್ಟ ಹೆಸರು ಕಿಡಿ.

ಬೀದಿಗೆ ನೀರು ಬಿಡುವ ನೌಕರನನ್ನು ಅವತ್ತು ಕಿಡಿ ಅಡ್ಡಗಟ್ಟಿದ.

"ಏನಣ್ಣಾ, ವಾಲ್ವ್ ತಿರುಗಿಸೋ ಮುಂಚೆ ಒಂದು ಮಿಸ್ಡ್ ಕಾಲ್ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ? ಅಂಗಡಿಯಿಂದ ಓಡಿ ಬಂದು ನಾನೇ ನೀರು ಹಿಡೀತೀನಿ. ಅಕ್ಕನ ಕೆಲಸ ಉಳಿಯುತ್ತೆ!"

ಅವನು ನಕ್ಕ. "ಬೈಗುಳದಲ್ಲೂ ಉಪಾಯ ಇದೆಯಲ್ಲೋ! ನಗರಸಭೆ ಕಚೇರೀಲಿ ಹೇಳು. ಈಗ ಸರ್ಕಾರದ ಹೊಸ ನಿಯಮ. ಜನ ಉಪಾಯ ಹೇಳಿದ್ರೆ ಕೇಳಬೇಕು, ಸರಿ ಕಂಡ್ರೆ ಒಂದು ಬೀದೀಲಿ ಮಾಡಿ ನೋಡಬೇಕು."

"ಕೇಳಿ ಕಸದ ಬುಟ್ಟಿಗೆ ಹಾಕ್ತಾರೆ. ಇಲ್ಲಾ, ಯಾವನೋ ದೊಡ್ಡೋನು ತನ್ನದು ಅಂತ ಮಾರ್ಕೋತಾನೆ."

"ಬೇಡ ಅಂದ್ರೆ ಯಾಕೆ ಬೇಡ ಅಂತ ಹೇಳಬೇಕಪ್ಪ. ಫಲಿಸಿದ್ರೆ ಎಲ್ಲ ಬೀದಿಗೂ ಪುಕ್ಕಟೆ. ಯಾರೂ ತನ್ನದು ಅಂತ ಬೀಗ ಹಾಕ್ಕೊಳೋ ಹಾಗಿಲ್ಲ."

"ಹೋಗೋ," ಎಂದಳು ಅಕ್ಕ. "ಇಲ್ಲಿ ಕೂಗೋದನ್ನ ಅಲ್ಲಿ ಕೂಗು."

ಕಿಡಿ ಜಗಳಕ್ಕೆ ತೋಳೇರಿಸಿಕೊಂಡೇ ಹೋದ. ಕಚೇರಿಯ ಮೇಡಂ ಕುರ್ಚಿ ಕೊಟ್ಟು ಕೇಳಿಸಿಕೊಂಡು, "ನಿಮ್ಮ ಬೀದೀಲೇ ಶುರು ಮಾಡೋಣ" ಎಂದರು.

ಮೊದಲ ದಿನವೇ ಎಡವಟ್ಟು. ಬೀದಿಯವರೆಲ್ಲ ಫೋನ್ ಎತ್ತಿ, "ಹಲೋ, ಯಾರು? ಚೆನ್ನಾಗಿದ್ದೀರಾ?" ಎಂದು ಮಾತಿಗೆ ಕೂತರು. ಅವರಿಗೆಲ್ಲ ಉತ್ತರ ಕೊಟ್ಟು ನೀರಿನವನು ಕಿಡಿಗೆ ಕರೆ ಮಾಡುವ ಹೊತ್ತಿಗೆ ನೀರು ನಿಂತಿತ್ತು.

"ನಾಳೆ ನಾನೇ ನಿಲ್ತೀನಿ. ಕೆಲಸ ಹೋದ್ರೆ ಹೋಗ್ಲಿ," ಎಂದು ಅಕ್ಕ ಕಣ್ಣೊರೆಸಿಕೊಂಡಳು.

ನಲ್ಲಿ ಎದುರಿನ ಚಹಾದಂಗಡಿಯ ಹೆಂಗಸು ಗದರಿದಳು. "ಅಷ್ಟಕ್ಕೇ ಅಳ್ತೀಯಾ? ಆ ನಂಬರಿಗೆ 'ಎತ್ತಬೇಡ' ಅಂತ ಹೆಸರಿಡಿ. ಓದೋಕೆ ಬರದೋರಿಗೆ ಬೇರೆ ರಿಂಗ್ ಹಾಕಿಕೊಡಿ."

ಸಂಜೆಯೆಲ್ಲ ಕಿಡಿ ಮನೆಮನೆಗೆ ಹೋಗಿ ಅದನ್ನೇ ಮಾಡಿದ. ಮರುದಿನ ಅಂಗಡಿಯಲ್ಲಿ ಫೋನ್ ನಡುಗಿತು: ಎತ್ತಬೇಡ. ಟೈರು ಬಿಟ್ಟು ಓಡಿದ.

ಅಕ್ಕ ಹೊತ್ತಿಗೆ ಸರಿಯಾಗಿ ಕಾರ್ಖಾನೆ ಮುಟ್ಟಿದ್ದಳು. ಮನೆಗೆ ಬಂದು ತುಂಬಿದ ಕೊಡ ನೋಡಿ ಕಾಲು ಚಾಚಿ ಕೂತಳು. "ಉಸ್ಸಪ್ಪಾ! ಮೇಸ್ತ್ರಿಗೆ ಬೈಯೋಕೆ ಏನೂ ಸಿಗ್ಲಿಲ್ಲ."

"ನನಗೂ ಅಷ್ಟೇ. ಇನ್ನು ಯಾರನ್ನ ಬೈಯ್ಲಿ?" ಎಂದ ಕಿಡಿ.

"ಬೀದಿದೀಪ ಉರೀತಿಲ್ವಲ್ಲೋ," ಎಂದಳು ಅಮ್ಮ. "ಕಚೇರಿಗೇ ಹೋಗಿ ಬೈ."

ಓದುಗರೇ, ಸಿಟ್ಟು ಬಂದರೆ ಬರಲಿ. ಆದರೆ ಬೈದು ಸುಮ್ಮನಾಗಬೇಡಿ, ಉಪಾಯವನ್ನೂ ಹೇಳಿ. ನಿಮ್ಮ ಕಚೇರಿಯಲ್ಲಿ ಇಂಥ ನಿಯಮ ಇದೆಯೇ ಕೇಳಿ. ಇಲ್ಲವೇ? ಹಾಗಾದರೆ, ಬೇಕೇಬೇಕು ಅನ್ನಿ. ಸೇವೆ ಇರುವುದು ನಮಗಾಗಿ, ಅದು ಎಲ್ಲಿ ಚುಚ್ಚುತ್ತದೆ ಎಂದು ಬಲ್ಲವರೂ ನಾವೇ.