ಐದನೆಯ ಮರಿಯ ನೆರಳು

ಆ ಬೆಳಿಗ್ಗೆ ದಟ್ಟಗಳ್ಳಿಯ ಮೇಲೆ ಇಳಿದಿದ್ದ ಮಂಜು ಏಳೂವರೆಯಾದರೂ ಕರಗಲಿಲ್ಲ. ದಿನವೂ ತಾರಸಿಯಲ್ಲಿ ನಿಂತು ಬೆಟ್ಟಕ್ಕೆ ಕೈಮುಗಿಯುವ ಶಾರದಮ್ಮ ಇವತ್ತು ಬರೀ ಬಿಳುಪಿಗೇ ಕೈಮುಗಿದು ಕೆಳಗಿಳಿದು ಬಂದು ಸೊಸೆಯ ಮುಂದೆ ನಿಂತರು.

“ಮೇಲಿನ ರೂಮಲ್ಲಿ ಅದು ಬಾಗಿಲು ಕೆರೀತಾ ಇದೆ ಕಣಮ್ಮ ರಂಜನಿ. ನಾಯಿಮರಿ ಬಚ್ಚಿಡೋ ಮನೆ ಯಾವಾಗಿಂದ ಆಯ್ತು ನಮ್ಮದು?”

“ಮೆತ್ತಗೆ ಅತ್ತೆ. ನಿಂಗಯ್ಯನವರು ಬರೋ ಹೊತ್ತು.”

ಬಚ್ಚಿಟ್ಟದ್ದು ಐದನೆಯ ಮರಿಯನ್ನು. ಹನ್ನೆರಡು ವರ್ಷಗಳಿಂದ ಮುಧೋಳ ನಾಯಿಗಳನ್ನು ಸಾಕಿ ಪ್ರದರ್ಶನಗಳಿಗೆ ಒಯ್ಯುತ್ತಿದ್ದ ರಂಜನಿಯ ಕಪಾಟಿನಲ್ಲಿ ಟ್ರೋಫಿಗಳಿಗೆ ಜಾಗ ಸಾಲುತ್ತಿರಲಿಲ್ಲ. ಗೆದ್ದ ಹೆಣ್ಣಿಗೆ ಗೆದ್ದ ಗಂಡು, ಎತ್ತರಕ್ಕೆ ಎತ್ತರ, ಹೊಳಪಿಗೆ ಹೊಳಪು. ಹಾಗೇ ಕೂಡಿಸುತ್ತ ಬಂದಿದ್ದಳು. ಹೋದ ವರ್ಷ ವಯಸ್ಸಾದ ತೀರ್ಪುಗಾರರೊಬ್ಬರು ಅವಳ ನಾಯಿಯ ಬೆನ್ನು ಸವರಿ, “ಅಂದವಾದ ನಾಯಿ ತಾಯಿ. ಆದರೆ ಇದು ಮುಧೋಳ ಅಂತ ಚೀಟಿ ನೋಡಿ ತಿಳೀಬೇಕಾಯ್ತು,” ಎಂದಿದ್ದರು. ಆ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ತಾಗಿಕೊಂಡೇ ಉಳಿಯಿತು.

ಅದಾದ ಮೇಲೆಯೇ ಅವಳು ಜಯಪುರದ ಕಡೆಯ ನಿಂಗಯ್ಯನನ್ನು ಹುಡುಕಿಕೊಂಡು ಹೋದದ್ದು. ಅವನ ಗಂಡುನಾಯಿ ಸಿಡಿಲ ಒಂದು ಬಹುಮಾನವನ್ನೂ ಕಂಡದ್ದಲ್ಲ. ಧೂಳಿನ ಬಣ್ಣ, ಹರಿದ ಕಿವಿ. ಆದರೆ ಹೊಲದ ಬದುವಿನ ಮೇಲೆ ನಿಂತರೆ ದೂರದಿಂದಲೇ ತಿಳಿಯುತ್ತಿತ್ತು, ಅದು ಬೇರೆ ಯಾವ ನಾಯಿಯೂ ಆಗಿರಲಾರದು ಎಂದು. ರಂಜನಿ ತನ್ನ ಹೆಣ್ಣುನಾಯಿ ಗೌರಿಯನ್ನು ಅದರ ಬಳಿ ಬಿಟ್ಟಳು. ಹಳೆಯ ಪದ್ಧತಿಯಂತೆ ಮಾತಾಯಿತು: ದುಡ್ಡಿಲ್ಲ, ಮರಿಗಳಿಗೆ ಎರಡು ತಿಂಗಳಾದಾಗ ಗಂಡುನಾಯಿಯ ಯಜಮಾನ ಬಂದು, ಅಷ್ಟೂ ಮರಿಗಳಲ್ಲಿ ತನಗೆ ಬೇಕಾದ ಒಂದನ್ನು ಮೊದಲು ಆರಿಸಿಕೊಳ್ಳಬೇಕು.

ಗೌರಿ ಐದು ಹೆತ್ತಳು. ಹೆರಿಗೆ ಕಷ್ಟವಾಗಿ ಡಾಕ್ಟರು ಗರ್ಭಕೋಶವನ್ನೇ ತೆಗೆದರು. ನಾಲ್ಕು ಮರಿಗಳು ತಾಯಿಯಂತೆ ಹೊಳೆಯುತ್ತಿದ್ದವು. ಐದನೆಯದು ಮಾತ್ರ ಸಿಡಿಲನೇ ಮತ್ತೆ ಮರಿಯಾಗಿ ಬಂದಂತಿತ್ತು. ನಿಂಗಯ್ಯ ಅದನ್ನೇ ಆರಿಸಿ ಒಯ್ದರೆ ಮನೆಯಲ್ಲಿ ಉಳಿಯುವುದು ಟ್ರೋಫಿಗಳಷ್ಟೇ.

ಮೊಪೆಡ್ ಸದ್ದಾಯಿತು. ನಿಂಗಯ್ಯ ಚಪ್ಪಲಿ ಗೇಟಿನ ಹೊರಗೇ ಬಿಟ್ಟು, ಮುಖದ ಹನಿಗಳನ್ನು ಟವೆಲಿನಿಂದ ಒರೆಸಿಕೊಳ್ಳುತ್ತ ಬಂದ.

“ನಾಕೇನಾ ಅವ್ವ?”

“ನಾಲ್ಕೇ.” ರಂಜನಿ ಮರಿಗಳನ್ನು ಅಂಗಳಕ್ಕೆ ಬಿಟ್ಟಳು. “ಆರಿಸ್ಕೊಳ್ಳಿ. ಆ ಎತ್ತರದ್ದು ನೋಡಿದವರಿಗೆಲ್ಲ ಇಷ್ಟ.”

“ಆತ್ರ ಬ್ಯಾಡಿ. ಬಿಸ್ಲು ಬರ್ಲಿ.”

“ಬಿಸಿಲು ಯಾಕೆ?”

“ನಮ್ಮಪ್ಪ ಮರಿ ನೋಡ್ತಿರ್ಲಿಲ್ಲ ಕಣವ್ವ, ಮರಿ ನೆಳ್ಳು ನೋಡೋನು. ಬಣ್ಣ ಕಣ್ಣಿಗೆ ಮಂಕುಬೂದಿ ಎರಚ್ತದೆ. ನೆಳ್ಳಲ್ಲಿ ಬಣ್ಣ ಎಲ್ಲಿ ಬತ್ತದೆ? ಗೋಡೆ ಮ್ಯಾಲೆ ಬಿದ್ದುದ್ನ ನೋಡಿ, ‘ಇದು ನಮ್ ಬೇಟೆನಾಯಿ’ ಅಂತ ಸಣ್ ಮಗೂನೂ ಅನ್ಬೇಕು. ತಳಿ ಅಂದ್ರೆ ಅದೇಯ. ಮಿಕ್ಕಿದ್ದೆಲ್ಲ ಒಡವೆ.”

ಅವನು ಮುಂಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟ. ಶಾರದಮ್ಮ ಕಾಫಿ ತಂದುಕೊಟ್ಟರು. ಅಷ್ಟರಲ್ಲಿ ಮೇಲಿನಿಂದ ಸಣ್ಣಗೆ ಒಂದು ಕುಂಯ್ ಕೇಳಿತು. ರಂಜನಿ ಥಟ್ಟನೆ ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟಳು. ಗೌರಿ ಮಾತ್ರ ಎದ್ದು ಹೋಗಿ, ತಾರಸಿ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡತೊಡಗಿದಳು.

“ಇವ್ಳು ಏನೋ ಉಡುಕ್ತಾವ್ಳಲ್ಲ ಅಮ್ಮಾವ್ರೇ?” ನಿಂಗಯ್ಯ ಕೇಳಿದ.

“ನನ್ನನ್ನ ಕೇಳಬೇಡಪ್ಪ. ಜಪ ಮುಗಿಯೋವರೆಗೂ ನಾನು ಮಾತಾಡೋದಿಲ್ಲ,” ಎಂದರು ಶಾರದಮ್ಮ. ಆಗಷ್ಟೇ ಹಾಲಿನವನನ್ನು ಐದು ನಿಮಿಷ ಬೈದು ಕಳಿಸಿದ್ದವರು ಅವರೇ.

ರಂಜನಿ ಮಾತು ಬದಲಿಸಿದಳು. “ಸಿಡಿಲ ಹೇಗಿದ್ದಾನೆ?”

“ಓದ ಹುಣ್ಣಿಮೆಗೆ ಓಗ್ಬುಟ್ಟ ಕಣವ್ವ. ಹಾವು.” ಅವನು ಲೋಟದೊಳಗೇ ನೋಡುತ್ತಿದ್ದ. “ಅವನ ಬಟ್ಲು ಇನ್ನೂ ಎತ್ತಿಟ್ಟಿಲ್ಲ ನಮ್ ಮನೆಯೋಳು.”

ಬಕೆಟ್ಟು ತುಂಬಿ ನೀರು ಅಂಗಳಕ್ಕೆ ಹರಿಯುತ್ತಿತ್ತು. ರಂಜನಿಗೆ ನಲ್ಲಿ ನಿಲ್ಲಿಸುವುದು ಮರೆತೇ ಹೋಗಿತ್ತು.

ಎಂಟೂವರೆಯ ಹೊತ್ತಿಗೆ ಬೆಟ್ಟದ ಅಂಚು ಮೂಡಿತು. ಬಿಸಿಲು ಓರೆಯಾಗಿ ಬಂದು ಕಾಂಪೌಂಡಿನ ಸುಣ್ಣದ ಗೋಡೆಗೆ ಬಿತ್ತು. ನಿಂಗಯ್ಯ ಒಂದೊಂದೇ ಮರಿಯನ್ನು ಅದರ ಮುಂದೆ ಓಡಿಸಿದ. ರಂಜನಿಯೂ ಮೊದಲ ಬಾರಿಗೆ ಮರಿಯನ್ನು ಬಿಟ್ಟು ಗೋಡೆಯನ್ನು ನೋಡಿದಳು. ಮೊಂಡು ಮೂತಿ, ಪೀಪಾಯಿಯಂಥ ಮೈ. ಬೀದಿಯ ಯಾವ ನಾಯಿಯದಾದರೂ ಆಗಬಹುದಾದ ನೆರಳುಗಳು. ಅವಳ ಹನ್ನೆರಡು ವರ್ಷ ಅಲ್ಲಿ ಓಡಾಡುತ್ತಿತ್ತು.

ನಾಲ್ಕನೆಯದನ್ನೂ ನೋಡಿ ನಿಂಗಯ್ಯ ಟವೆಲು ಕೊಡವಿದ.

“ಸಿಡ್ಲ ಇವುಗಳಲ್ಲಿ ಇಳ್ದಿಲ್ಲ. ಓಗ್ಲಿ ಬುಡಿ, ದ್ಯಾವ್ರು ಕೊಟ್ರೆ ತಾನೆ.” ಕಾಲ ಬಳಿ ಸುಳಿಯುತ್ತಿದ್ದ ಚಿಕ್ಕ ಮರಿಯನ್ನೆತ್ತಿ ಟವೆಲಿನಲ್ಲಿ ಸುತ್ತಿದ. “ಇವನೂ ಅವನ ಮಗನೇಯ. ಬತ್ತೀನಿ ಅವ್ವ.”

ಗೇಟಿನ ಚಿಲಕ ಸರಿಯಿತು. ಮೊಪೆಡ್ ಹೊರಟುಬಿಟ್ಟರೆ ಮೇಲಿನ ಮರಿ ತನ್ನದು. ಇನ್ನು ಎರಡು ಹೆಜ್ಜೆ ಅಷ್ಟೇ. ಗೌರಿ ಮೆಟ್ಟಿಲ ಬುಡ ಬಿಟ್ಟು ಕದಲಿರಲಿಲ್ಲ. ಶಾರದಮ್ಮ ಸೊಸೆಯ ಮುಖ ನೋಡಲಿಲ್ಲ. ಈಗ ಕಾಣತೊಡಗಿದ್ದ ಬೆಟ್ಟದ ಕಡೆ ತಿರುಗಿ ಇನ್ನೊಮ್ಮೆ ಕೈಮುಗಿದರು.

“ನಿಂಗಯ್ಯನವರೇ... ಒಂದ್ನಿಮಿಷ.”

ಅವಳು ಮೇಲೆ ಹೋಗಿ ಬಂದಾಗ, ಮರಿ ತೋಳಿನಿಂದ ಜಾರಿ ಅಂಗಳಕ್ಕೆ ಹಾರಿತು. ತಾಯಿಯ ಬಳಿ ಓಡುವ ಮೊದಲು ಒಂದು ಕ್ಷಣ ನಿಂತು ಕತ್ತೆತ್ತಿತು. ಗೋಡೆಯ ಮೇಲೆ ನೀಳ ಮೂತಿ, ಕೆಳಗಿಳಿದ ಎದೆ, ಒಳಸೇರಿದ ಹೊಟ್ಟೆ, ತುಸುವೇ ಬಾಗಿದ ಬೆನ್ನು.

ನಿಂಗಯ್ಯ ಗೋಡೆಯನ್ನೇ ನೋಡಿದ. ಟವೆಲಿನೊಳಗಿನ ಮರಿಯನ್ನು ಮೆಲ್ಲಗೆ ಅದರ ಒಡಹುಟ್ಟಿದವುಗಳ ನಡುವೆ ಇಳಿಸಿದ.

ರಂಜನಿ ಐದನೆಯದನ್ನು ಎತ್ತಿಕೊಂಡು, ಗೌರಿ ಅದರ ಕಿವಿ ನೆಕ್ಕಿ ಮುಗಿಸುವವರೆಗೂ ಬಗ್ಗಿ ನಿಂತಳು. ಆಮೇಲೆ ಅದನ್ನು ಅವನ ಟವೆಲಿನಲ್ಲಿ ಇಟ್ಟಳು.